ಆಫ್ರಿಕನ್ ಗ್ರೇ: ಮೊದಲು ತಟ್ಟೆ, ಆಮೇಲೆ ಗೂಡು

ಪಂಜರದ ತಳದ ಟ್ರೇಯನ್ನು ಹೊರಗೆಳೆದು ನೋಡಿದರೆ ಆ ಮನೆಯ ಆಫ್ರಿಕನ್ ಗ್ರೇ ಗಿಣಿಯ ಜಾತಕವೆಲ್ಲ ಅಲ್ಲೇ ಸಿಗುತ್ತದೆ. ಬರೀ ಸೂರ್ಯಕಾಂತಿ ಸಿಪ್ಪೆ, ಒಂದೆರಡು ಶೇಂಗಾ ಸಿಪ್ಪೆ, ಒಣಗಿದ ಪೇರಲದ ಚೂರು ಕಂಡರೆ, ಹಕ್ಕಿ ಇವತ್ತು ಚಂದ ಮಾತಾಡುತ್ತಿರಬಹುದು, ಆದರೆ ಅದರ ಮೈಯಲ್ಲಿ ಕ್ಯಾಲ್ಸಿಯಂ ಸದ್ದಿಲ್ಲದೆ ಇಳಿಯುತ್ತಿರುತ್ತದೆ. "ಜೋಡಿ ತಂದು ಎರಡ ವರ್ಷಾತ್ರಿ, ತತ್ತಿನ ಇಡವಲ್ದು" ಎನ್ನುವವರ ಮನೆಯಲ್ಲೂ ಮೊದಲು ನೋಡಬೇಕಾದ್ದು ಆ ಟ್ರೇಯನ್ನೇ. ಗೂಡಿನ ಪೆಟ್ಟಿಗೆಯ ಮಾತು ಆಮೇಲೆ.

ತರುವ ಮುಂಚೆ

ನಮ್ಮ ಹೊಲಗಳಲ್ಲಿ ಜೋಳದ ತೆನೆಗೆ ಬೀಳುವ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗ್ರೇ ಹೊರದೇಶದ ಹಕ್ಕಿ, ಹಾಗಾಗಿ ಅದನ್ನು ಸಾಕಬಹುದು. ಆದರೆ ಕಾಗದಪತ್ರ ಬೇಕು. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನದಲ್ಲಿ ಗ್ರೇಯನ್ನು ಒಂದನೇ ಅನುಬಂಧಕ್ಕೆ ಸೇರಿಸಿದರು. ಅಲ್ಲಿಂದ ಕಾಡಿನಲ್ಲಿ ಹಿಡಿದ ಹಕ್ಕಿಯನ್ನು ದೇಶದಿಂದ ದೇಶಕ್ಕೆ ಮಾರುವುದು ನಿಷಿದ್ಧವಾಯಿತು. 2022ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲೂ ಇದು ಸೇರಿದೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದ ಪ್ರಕಾರ ಇಂಥ ಹಕ್ಕಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಹಕ್ಕಿ ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಮರಿ ಮಾಡಿಸುವವರಿಗೆ 2023ರ ನಿಯಮದಡಿ ಬೇರೆ ಪರವಾನಗಿ ಉಂಟು. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಅರಣ್ಯ ವಿಭಾಗದ ಕಚೇರಿಗಳಿವೆ. ದುಡ್ಡು ಕೊಡುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬನ್ನಿ. ಮಾರುವವನ ನೋಂದಣಿ ಪ್ರತಿಯಲ್ಲಿರುವ ರಿಂಗ್ ನಂಬರ್ ಹಕ್ಕಿಯ ಕಾಲಿನ ರಿಂಗಿಗೆ ಹೊಂದದಿದ್ದರೆ ಅಲ್ಲಿಂದ ಎದ್ದು ಬರುವುದೇ ಜಾಣತನ.

ಗ್ರೇಯಲ್ಲಿ ಎರಡು ಬಗೆ. ಕಾಂಗೋ ಗ್ರೇಗೆ ಕಪ್ಪು ಕೊಕ್ಕು, ಕೆಂಡದಂಥ ಕೆಂಪು ಬಾಲ, ತೂಕ ಸಾಮಾನ್ಯವಾಗಿ 400ರಿಂದ 550 ಗ್ರಾಂ. ಟಿಮ್ನೆ ಚಿಕ್ಕದು, 275ರಿಂದ 375 ಗ್ರಾಂ. ಬಾಲ ಗಾಢ ಕಂದುಗೆಂಪು, ಮೇಲ್ಕೊಕ್ಕು ಎಲುಬಿನ ಬಣ್ಣದ್ದು. ಎಳೆಯ ಕಾಂಗೋ ಎಂದು ಟಿಮ್ನೆಯನ್ನು ದಾಟಿಸುವುದು ಹಳೆಯ ಚಾಲಾಕಿ. ಎರಡನ್ನೂ ಜೋಡಿ ಮಾಡಬೇಡಿ, ಅವು ಬೇರೆ ಬೇರೆ ಪ್ರಭೇದಗಳು.

ವಯಸ್ಸನ್ನು ಕಣ್ಣು ಹೇಳುತ್ತದೆ. ಮರಿಯ ಕಣ್ಣು ಪೂರ್ತಿ ಕಪ್ಪು, ಕೆಲವು ತಿಂಗಳಿಗೆ ಬೂದಿ, ಒಂದು ವರ್ಷದ ಸುಮಾರಿಗೆ ಒಣಹುಲ್ಲಿನ ಬಣ್ಣ, ಮೂರು-ನಾಲ್ಕು ವರ್ಷಕ್ಕೆ ತಿಳಿ ಹಳದಿ. ಅದರಾಚೆಗೆ ಹತ್ತು ವರ್ಷದ್ದೋ ಇಪ್ಪತ್ತೈದರದ್ದೋ ಎಂದು ಯಾರೂ ಹೇಳಲಾರರು. "ಬ್ರೀಡಿಂಗ್ ಪೇರ್, ಬರೀ ಐದ್ ವರ್ಷದ್ದು" ಎಂಬ ಮಾತಿಗೆ ಬೆಲೆ ಕಟ್ಟಬೇಡಿ.

ಹಕ್ಕಿಯನ್ನು ಕೈಗೆತ್ತಿಕೊಂಡು ಎದೆಯ ನಡುಮೂಳೆ ಮುಟ್ಟಿ ನೋಡಿ. ಚಾಕುವಿನ ಅಲಗಿನ ಹಾಗೆ ಕೈಗೆ ತಾಕಿದರೆ ಸೊರಗಿದೆ. ಮೂಳೆಯೇ ಸಿಗದಿದ್ದರೆ ಬೊಜ್ಜು ಬಂದಿದೆ. ಮೂಗಿನ ಹೊಳ್ಳೆ ಒಣಗಿರಬೇಕು, ಗುದದ ಸುತ್ತ ಪುಕ್ಕಕ್ಕೆ ಹಿಕ್ಕೆ ಅಂಟಿರಬಾರದು, ಸುಮ್ಮನೆ ಕೂತಾಗ ಬಾಲ ಉಸಿರಿನ ಜತೆ ಮೇಲೆ ಕೆಳಗೆ ಆಡಬಾರದು. ಮನೆಗೆ ತಂದ ಮೇಲೆ 30ರಿಂದ 45 ದಿನ ಬೇರೆ ಕೋಣೆಯಲ್ಲಿಟ್ಟು, ಕೊಕ್ಕು-ಪುಕ್ಕದ ವೈರಸ್ (ಪಿಬಿಎಫ್‌ಡಿ) ಮತ್ತು ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ. ಎರಡನೆಯದು ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಹಿಡಿದು ಬಿಡದಿದ್ದರೆ ಮನೆಯಲ್ಲಿ ಗಿಣಿ ಇದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರಾಗಿ ಕೇಳುವುದು ಅಪರೂಪ. ಉಬ್ಬಸ ಇರುವವರ ಮನೆಗೆ ಈ ಹಕ್ಕಿಯೇ ಬೇಡ. ಗ್ರೇಯ ಮೈಯಿಂದ ವಿಭೂತಿಯಂಥ ಬಿಳಿ ಪುಡಿ ಸದಾ ಉದುರುತ್ತಿರುತ್ತದೆ. ಅದು ರೋಗವಲ್ಲ, ಪುಕ್ಕದ ಸಹಜ ಪುಡಿ.

ಚೆನ್ನಾಗಿ ನೋಡಿಕೊಂಡರೆ 40-50 ವರ್ಷ ಬದುಕುವ ಹಕ್ಕಿ ಇದು. ಐವತ್ತು ದಾಟಿದವರು ತರುವುದಾದರೆ, ತಮ್ಮ ನಂತರ ಯಾರ ಕೈಗೆ ಎಂಬುದನ್ನೂ ಮಕ್ಕಳ ಹತ್ತಿರ ಮಾತಾಡಿಟ್ಟಿರಬೇಕು.

ಪಂಜರ ಮತ್ತು ಅದರ ಜಾಗ

ಒಂಟಿ ಹಕ್ಕಿಗೆ 3 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ಸರಳುಗಳ ನಡುವೆ ಮುಕ್ಕಾಲರಿಂದ ಒಂದು ಇಂಚು ಅಂತರ. ಇದಕ್ಕಿಂತ ಹೆಚ್ಚಾದರೆ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಲರಿಯ ವಿಷಯದಲ್ಲಿ ಎಚ್ಚರ. ಹೊಸ ಜಾಲರಿಯ ಮೇಲೆ ಸತುವಿನ ಹನಿಗಳು, ಬಿಳಿ ಪುಡಿ ಇರುತ್ತವೆ. ಹಕ್ಕಿ ಇಡೀ ದಿನ ಸರಳು ಕಚ್ಚುತ್ತ, ಚೂರುಚೂರೇ ನುಂಗಿ ಸತುವಿನ ವಿಷಕ್ಕೆ ಬೀಳುತ್ತದೆ. ತಂತಿ ಬ್ರಷ್‌ಗೆ ವಿನೆಗರ್ ಹಚ್ಚಿ ಉಜ್ಜಿ, ತೊಳೆದು, ಎರಡು-ಮೂರು ವಾರ ಮಳೆ-ಬಿಸಿಲಿಗಿಟ್ಟು, ಮತ್ತೊಮ್ಮೆ ಉಜ್ಜಿದ ಮೇಲೆ ಬಳಸಿ. ಸ್ಟೇನ್‌ಲೆಸ್ ಸ್ಟೀಲ್ ಮಾಡಿಸುವ ಶಕ್ತಿಯಿದ್ದರೆ ಈ ತಾಪತ್ರಯವೇ ಇಲ್ಲ.

ಕೂರುವ ಕೋಲಿಗೆ ಪೇರಲದ ಟೊಂಗೆ, ಬೇವಿನ ಟೊಂಗೆ ಒಳ್ಳೆಯವು. ಒಂದೇ ದಪ್ಪದ ನುಣ್ಣನೆ ಗೂಟದ ಮೇಲೆ ವರ್ಷಗಟ್ಟಲೆ ನಿಂತರೆ ಅಂಗಾಲು ಬಾತು ಹುಣ್ಣಾಗುತ್ತದೆ. ಎರಡೂವರೆಯಿಂದ ಮೂರೂವರೆ ಸೆಂ.ಮೀ. ನಡುವೆ ಬೇರೆ ಬೇರೆ ದಪ್ಪದ, ಸೊಟ್ಟಪಟ್ಟ ಟೊಂಗೆಗಳನ್ನೇ ಹಾಕಿ. ಔಷಧಿ ಹೊಡೆದ ತೋಟದ ಟೊಂಗೆ, ಕಣಗಲದ ಟೊಂಗೆ ಪಂಜರದ ಹತ್ತಿರವೂ ಬೇಡ.

ಪಡಸಾಲೆಯಲ್ಲಿ ಒಂದು ಬದಿ ಗೋಡೆಗೆ ಒರಗುವ ಹಾಗೆ ಇಡಿ; ನಾಲ್ಕೂ ಕಡೆ ಬಯಲಾದರೆ ಹಕ್ಕಿ ಸದಾ ಬೆದರಿರುತ್ತದೆ. ಅಡುಗೆಮನೆ ಬೇಡ. ನಾನ್‌ಸ್ಟಿಕ್ ಬಾಣಲೆ ಹದ ಮೀರಿ ಕಾದರೆ ಬರುವ ಹೊಗೆ ಮನುಷ್ಯನ ಮೂಗಿಗೆ ಗೊತ್ತಾಗುವ ಮುಂಚೆ ಹಕ್ಕಿಯ ಪ್ರಾಣ ತೆಗೆಯುತ್ತದೆ. ರೊಟ್ಟಿ ಬಡಿಯುವ ಮನೆಯ ಕಬ್ಬಿಣದ ಹಂಚಿಗೆ ಆ ದೋಷವಿಲ್ಲ, ಆದರೆ ಮೆಣಸಿನಕಾಯಿ ಹುರಿದ ಘಾಟು, ಭಜಿ ಕರಿದ ಎಣ್ಣೆ ಹೊಗೆ ಇದ್ದೇ ಇರುತ್ತವೆ. ಸೊಳ್ಳೆಬತ್ತಿ, ಲೋಬಾನದ ಧೂಪ, ಕಪಾಟಿನ ಡಾಂಬರಗುಳಿಗೆ ಇವೆಲ್ಲ ಅದರ ಶ್ವಾಸಕೋಶಕ್ಕೆ ಕೆಡುಕು. ಸೊಳ್ಳೆಗೆ ಪರದೆ ಕಟ್ಟಿ.

ಇನ್ನು ಹವೆ. ಗ್ರೇ ಆಫ್ರಿಕಾದ ಮಳೆಕಾಡಿನ ಹಕ್ಕಿ. ಗದಗ ಕಡೆಯ ಏಪ್ರಿಲ್ ಬಿಸಿಲು, ಡಿಸೆಂಬರ್-ಜನವರಿಯ ಒಣ ಮೂಡಗಾಳಿ ಎರಡೂ ಅದಕ್ಕೆ ಒಗ್ಗುವುದಿಲ್ಲ. ಬಿಸಿಲು 36 ಡಿಗ್ರಿ ದಾಟಿದ ದಿನ ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ತೇಕುತ್ತದೆ. ತಗಡಿನ ಮಾಡಿನ ಕೆಳಗಿದ್ದರೆ ಮಧ್ಯಾಹ್ನವೇ ಅಪಾಯ. ಧಾರವಾಡದಲ್ಲಿ ತೊಂದರೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಕಾಳಿನ ಚೀಲ, ಟ್ರೇಯ ಪೇಪರ್ ಎಲ್ಲ ಥಂಡಿ ಹಿಡಿದು ಬೂಷ್ಟು ಬರುತ್ತದೆ. ಆ ಬೂಷ್ಟಿನ ಕಣಗಳು ಗಾಳಿಚೀಲದಲ್ಲಿ ಬೆಳೆದರೆ ಆಸ್ಪರ್ಜಿಲೋಸಿಸ್ ಎಂಬ ರೋಗ. ಮದ್ದು ತಿಂಗಳುಗಟ್ಟಲೆ ಕೊಡಬೇಕು, ಉಳಿಯುವ ಭರವಸೆ ಕಡಿಮೆ. ಟ್ರೇಯ ಪೇಪರನ್ನು ದಿನಾ ಬದಲಿಸಿ; ಮರದ ಹೊಟ್ಟು ಹಾಸಬೇಡಿ.

ವಾರಕ್ಕೆ ಮೂರು-ನಾಲ್ಕು ದಿನ ಬೆಳಗ್ಗೆ ಬರೀ ಉಗುರುಬೆಚ್ಚನೆ ನೀರನ್ನು ಸ್ಪ್ರೇ ಬಾಟಲಿಯಿಂದ ತಲೆಯ ಮೇಲೆ ಮಂಜಿನಂತೆ ಬೀಳಿಸಿ, ಪುಕ್ಕದ ಬುಡದವರೆಗೆ ನೆನೆಯಲಿ. ಮೂಡಗಾಳಿಯ ತಿಂಗಳಲ್ಲಿ ದಿನಾ ಮಾಡಿದರೂ ತಪ್ಪಿಲ್ಲ. ಚರ್ಮ ಒಣಗಿ ತುರಿಸಿದಾಗಲೇ ಅನೇಕ ಹಕ್ಕಿಗಳು ಎದೆಯ ಪುಕ್ಕ ಕಿತ್ತುಕೊಳ್ಳಲು ಶುರುಮಾಡುವುದು. ಒಮ್ಮೆ ಚಟವಾದರೆ ಬಿಡಿಸುವುದು ಕಷ್ಟ. ಕುಡಿಯಲು ಮನೆಯವರು ಕುಡಿಯುವ ಶುದ್ಧ ನೀರನ್ನೇ ಕೊಡಿ. ನಾಲ್ಕಾರು ದಿನ ಟಾಕಿಯಲ್ಲಿ ನಿಂತ ನಳದ ನೀರು, ಮುಂಡರಗಿ ಭಾಗದ ಫ್ಲೋರೈಡ್ ಇರುವ ಬೋರ್ ನೀರು ಬೇಡ.

ತಟ್ಟೆ

ಇಲ್ಲಿ ತುಸು ನಿಲ್ಲೋಣ.

ಸೂರ್ಯಕಾಂತಿ ಬೀಜದಲ್ಲಿ ಅರ್ಧದಷ್ಟು ಎಣ್ಣೆ. ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ, ಎ ಮತ್ತು ಡಿ3 ಜೀವಸತ್ವಗಳು ಇಲ್ಲವೆನ್ನುವಷ್ಟು. ಬೇರೆ ಗಿಣಿಗಳು ಈ ಊಟದಲ್ಲೂ ಹೇಗೋ ಕಾಲ ಹಾಕುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಎಲುಬಿನಿಂದ ಎಳೆದುಕೊಂಡು ಸರಿದೂಗಿಸುವ ಶಕ್ತಿ ಗ್ರೇಗೆ ಕಡಿಮೆ. ಅದಕ್ಕೇ ಒಂದು ದಿನ, ನೆಂಟರು ಬಂದ ಗದ್ದಲದಲ್ಲೋ ಪಟಾಕಿ ಸದ್ದಿಗೋ, ಹಕ್ಕಿ ಕೋಲಿನ ಮೇಲೆ ತೂರಾಡಿ ಧೊಪ್ಪನೆ ಕೆಳಗೆ ಬಿದ್ದು ಫಿಟ್ಸ್ ಬಂದಂತೆ ಒದ್ದಾಡುತ್ತದೆ. ಮನೆಯವರು ಹೃದಯಾಘಾತ ಎಂದುಕೊಳ್ಳುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮೆತ್ತನೆ ಟವೆಲ್ ಹಾಸಿದ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ಯಿರಿ. ಕ್ಯಾಲ್ಸಿಯಂ ಇಂಜೆಕ್ಷನ್ ಬಿದ್ದ ಮೇಲೆ ಬಹಳಷ್ಟು ಹಕ್ಕಿಗಳು ಬೇಗ ಚೇತರಿಸಿಕೊಳ್ಳುತ್ತವೆ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹಕ್ಕಿ ನೋಡುವ ವೈದ್ಯರು ಯಾರು, ಎಷ್ಟೊತ್ತಿಗೆ ಸಿಗುತ್ತಾರೆ ಎಂಬುದನ್ನು ಹಕ್ಕಿ ತರುವ ಮೊದಲೇ ಕೇಳಿಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಹುಡುಕಾಡುವುದಲ್ಲ.

450 ಗ್ರಾಂ ತೂಗುವ ಹಕ್ಕಿಗೆ ಒಂದು ದಿನದ ಲೆಕ್ಕ ಹೀಗೆ: ಗಿಣಿಗಳಿಗೆಂದೇ ಮಾಡಿದ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) 25ರಿಂದ 30 ಗ್ರಾಂ, ಸೊಪ್ಪು-ತರಕಾರಿ ಒಂದು ಹಿಡಿ, ಮೊಳಕೆ ಅಥವಾ ಬೇಯಿಸಿದ ಕಾಳು ಎರಡು ಚಮಚ, ಹಣ್ಣು ಒಂದು ಚಮಚ, ಬಾದಾಮಿಯೋ ಅಕ್ರೋಟೋ ಒಂದು. ಬೀಜಗಳನ್ನು ಬಟ್ಟಲಿಗೆ ಹಾಕದೆ ಪಾಠ ಕಲಿಸುವಾಗಿನ ಬಹುಮಾನಕ್ಕೆಂದು ಜೇಬಿನಲ್ಲಿಡಿ.

ಪೆಲೆಟ್ ಸಿಗದ ಊರಲ್ಲಿ, ಅಥವಾ ಅದರ ಬೆಲೆ ಕೈಗೆಟುಕದಿದ್ದರೆ, ನಮ್ಮ ಸೀಮೆಯ ಕಾಳುಗಳಿಂದಲೇ ಬುತ್ತಿ ಕಟ್ಟಬಹುದು. ಜೋಳ, ನವಣೆ, ಗೋಧಿ ಸೇರಿ ಎರಡು ಪಾಲು, ಹೆಸರು, ಮಡಕಿ, ಕಡಲೆ ಸೇರಿ ಒಂದು ಪಾಲು. ಉಪ್ಪು, ಎಣ್ಣೆ ಇಲ್ಲದೆ ಮೆತ್ತಗೆ ಬೇಯಿಸಿ, ಆರಿದ ಮೇಲೆ ಅಷ್ಟೇ ಪ್ರಮಾಣದ ಹೆಚ್ಚಿದ ನುಗ್ಗೆಸೊಪ್ಪು, ಮೆಂತ್ಯ, ಗಜ್ಜರಿ, ಕುಂಬಳ ಬೆರೆಸಿ. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ, ಎ ಜೀವಸತ್ವ ಎರಡೂ ಧಾರಾಳ. ಹಿತ್ತಲಲ್ಲಿ ಗಿಡವಿದ್ದವರು ಭಾಗ್ಯವಂತರು. ಪಾಲಕ, ರಾಜಗಿರಿ ದಿನಾ ಬೇಡ, ಅವುಗಳ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ತತ್ತಿ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ನುಣ್ಣಗೆ ಕುಟ್ಟಿ, ದಿನಕ್ಕೊಂದು ಚಿಟಿಕೆ ಇದರ ಮೇಲೆ ಉದುರಿಸಿ. ಕಟಲ್‌ಬೋನ್ (ಕಟಲ್ ಮೀನಿನ ಸುಣ್ಣದ ಚಿಪ್ಪು) ಪಂಜರದಲ್ಲಿ ಸದಾ ತೂಗುತ್ತಿರಲಿ. ಡಿ3 ಮಾತ್ರ ವೈದ್ಯರು ಹೇಳಿದಷ್ಟೇ. ಹೆಚ್ಚಾದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಪೆಲೆಟ್ ತಿನ್ನುವ ಹಕ್ಕಿಗೆ ಮೇಲಿಂದ ಡಿ3 ಹನಿ ಹಾಕುವುದು ತಪ್ಪು, ಪೆಲೆಟ್‌ನಲ್ಲಿ ಆಗಲೇ ಇರುತ್ತದೆ.

ಕ್ಯಾಲ್ಸಿಯಂ ತಿನ್ನಿಸಿದರಷ್ಟೇ ಆಗಲಿಲ್ಲ, ಮೈಗೆ ಹತ್ತಲು ಬಿಸಿಲು ಬೇಕು. ಬೆಳಗಿನ ಎಳೆ ಬಿಸಿಲಿಗೆ 20-30 ನಿಮಿಷ ಪಂಜರವನ್ನು ಹೊರಗಿಡಿ, ಅರ್ಧ ಪಂಜರಕ್ಕೆ ನೆರಳಿರಲಿ, ಬೆಕ್ಕು-ಮಂಗಗಳ ಮೇಲೆ ಕಣ್ಣಿರಲಿ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ. ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆದುಬಿಡುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿದ್ದು ಅದರ ಮಾತೆತ್ತದಿರಲಾಗದು. ಖಾರ ಹಕ್ಕಿಯ ನಾಲಿಗೆಗೆ ತಾಕುವುದೇ ಇಲ್ಲ. ಮನುಷ್ಯನನ್ನು ಉರಿಸುವ ಕ್ಯಾಪ್ಸೈಸಿನ್‌ಗೆ ಹಕ್ಕಿಯ ನರಗಳು ಸ್ಪಂದಿಸುವುದಿಲ್ಲ. ಗ್ರೇ ಬ್ಯಾಡಗಿಯನ್ನು ಒಂದು ಕಾಲಲ್ಲಿ ಹಿಡಿದು, ಮೊದಲು ತೊಟ್ಟು ಕಿತ್ತೆಸೆದು, ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಬೀಜಗಳನ್ನು ಒಂದೊಂದಾಗಿ ನಾಲಿಗೆಯ ತುದಿಯಿಂದ ಹೆಕ್ಕಿ ತಿನ್ನುತ್ತದೆ. ಆ ಕೆಂಪಿನಲ್ಲಿ ಎ ಜೀವಸತ್ವದ ಮೂಲದ್ರವ್ಯ ಇರುವುದರಿಂದ ದಿನಕ್ಕೊಂದು ಕೊಡಬಹುದು. ಕಾಯಿಯನ್ನು ಒಮ್ಮೆ ಮುರಿದು ನೋಡಿ. ಒಳಗೆ ಬೂದುಬಣ್ಣದ ಬೂಷ್ಟು ಕಂಡರೆ ಎಸೆಯಿರಿ. ಶೇಂಗಾದ ವಿಷಯದಲ್ಲಿ ಇದೇ ಎಚ್ಚರ ಹತ್ತು ಪಟ್ಟು ಬೇಕು: ಬೂಷ್ಟು ಹಿಡಿದ ಶೇಂಗಾದ ಅಫ್ಲಾಟಾಕ್ಸಿನ್ ಎಂಬ ವಿಷ ಪಿತ್ತಜನಕಾಂಗವನ್ನು ತಿನ್ನುತ್ತದೆ. ಸಿಪ್ಪೆ ಸಮೇತ ಹಸಿ ಶೇಂಗಾ ಕೊಡಲೇಬೇಡಿ. ಸುಲಿದು, ಹುರಿದು, ಉಪ್ಪಿಲ್ಲದ ಒಂದೆರಡು ಕಾಳು ಸಾಕು.

ಪೂರ್ತಿ ನಿಷಿದ್ಧ: ಬೆಣ್ಣೆಹಣ್ಣು, ಚಾಕೊಲೇಟ್, ಚಹಾ-ಕಾಫಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಸೀತಾಫಲ ಮತ್ತು ಸೇಬಿನ ಬೀಜ, ಬೇಯಿಸದ ರಾಜ್ಮಾ, ಚುರುಮುರಿ-ಚೂಡಾದಂಥ ಉಪ್ಪಿನ ತಿನಿಸು. "ಚಹಾದಾಗ ಅದ್ದಿದ ಬಿಸ್ಕೀಟ್ ಅಂದ್ರ ಜೀವಾರೀ ಅದಕ್ಕ" ಎಂದು ಹೆಮ್ಮೆಯಿಂದ ಹೇಳುವವರು ಇದ್ದಾರೆ. ಜೀವ ಇರುವವರೆಗೆ ಇರುತ್ತದೆ.

ಬೀಜ ಬಿಡಿಸುವುದು

ಬರೀ ಬೀಜ ತಿಂದು ಬೆಳೆದ ಗ್ರೇ ಹೊಸ ಆಹಾರವನ್ನು ಆಹಾರವೆಂದೇ ಗುರುತಿಸುವುದಿಲ್ಲ. ಹಸಿದರೆ ತಿಂದೀತು ಎಂದು ಒಮ್ಮೆಲೇ ನಿಲ್ಲಿಸಿದರೆ ಉಪವಾಸ ಬಿದ್ದು ಸಾಯಬಹುದು. ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ತಂದು, ದಿನಾ ಬೆಳಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ ತೂಗಿ ಬರೆದಿಡಿ.

ಮೊದಲ ವಾರ ಬೀಜವನ್ನು ಬಟ್ಟಲಿನಿಂದ ಎತ್ತಿ, ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಇಡಿ. ನಡುವೆ ಹೊಸ ಬುತ್ತಿ ಇರಲಿ. ಎರಡನೇ ವಾರದಿಂದ ಬೀಜದಲ್ಲಿ ಸೂರ್ಯಕಾಂತಿ ಇಳಿಸಿ ಕುಸುಬಿ, ನವಣೆ ಏರಿಸಿ. ಒದ್ದೆ ಬುತ್ತಿಯ ಮೇಲೆ ಬೀಜವನ್ನು ಒತ್ತಿಟ್ಟರೆ ಕೆದಕಲು ಹೋಗಿ ಅದರ ರುಚಿ ನೋಡುತ್ತದೆ. ಮೂರನೇ ವಾರ ಬೆಳಗಿನ ಬೀಜ ನಿಲ್ಲಿಸಿ. ಎಲ್ಲಕ್ಕಿಂತ ಕೆಲಸ ಮಾಡುವುದು ಒಂದೇ ಉಪಾಯ: ಅದರ ಕಣ್ಣೆದುರು ಕೂತು ನೀವೇ ಗಜ್ಜರಿ ಕಡಿದು ತಿನ್ನಿ, ಕೊಡಲು ಒಲ್ಲೆ ಎನ್ನುವಂತೆ ಮಾಡಿ. ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಕತ್ತು ಚಾಚಿ ಕೇಳುತ್ತದೆ. ತೂಕ ಶುರುವಿನದಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದರೆ ಹಳೆಯ ಆಹಾರಕ್ಕೆ ಮರಳಿ, ಹದಿನೈದು ದಿನ ಬಿಟ್ಟು ಮತ್ತೆ ಶುರುಮಾಡಿ. ಕೆಲವು ಹಕ್ಕಿಗಳಿಗೆ ಮೂರು ವಾರ ಸಾಕು, ಕೆಲವಕ್ಕೆ ಆರು ತಿಂಗಳು ಬೇಕು.

ಮೊಳಕೆಗೆ ಎಂಟು ತಾಸು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಾಲ ಇಣುಕಿದ ತಕ್ಷಣ ಕೊಡಿ. ಹುಳಿ ವಾಸನೆ ಬಂದದ್ದು ತಿಪ್ಪೆಗೆ. ಬೇಸಿಗೆಯಲ್ಲಿ ಒದ್ದೆ ಆಹಾರ ಎರಡು ತಾಸಿಗಿಂತ ಹೆಚ್ಚು ಬಟ್ಟಲಲ್ಲಿರಬಾರದು.

ಹೊತ್ತು ಕಳೆಯುವುದೂ ಊಟದಷ್ಟೇ ಮುಖ್ಯ. ತೆಂಗಿನ ಕರಟ, ರಟ್ಟು, ಬೇವಿನ ಕಡ್ಡಿ ದಿನಾ ಚೂರು ಮಾಡಲು ಸಿಗಲಿ. ರಾತ್ರಿ 10ರಿಂದ 12 ತಾಸು ಕತ್ತಲೆಯ ನಿದ್ದೆ ಬೇಕು. ಟಿವಿ ಇರುವ ಕೋಣೆಯಾದರೆ ಧಾರಾವಾಹಿ ಮುಗಿಯುವವರೆಗೆ ಅದೂ ಎದ್ದೇ ಇರುತ್ತದೆ. ದಿನಕ್ಕೆರಡು ತಾಸಾದರೂ ಪಂಜರದ ಹೊರಗೆ, ಫ್ಯಾನ್ ನಿಲ್ಲಿಸಿ. ಮಾತು ಸಾಮಾನ್ಯವಾಗಿ ಒಂದು ವರ್ಷದ ಸುಮಾರಿಗೆ ಬರುತ್ತದೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಕೊಂಡು ತಂದು ಮೂವತ್ತು ವರ್ಷ ಪಾಠ ಹೇಳಿದ ಅಲೆಕ್ಸ್ ಎಂಬ ಗ್ರೇ ಬಣ್ಣ, ಆಕಾರ, ಎಣಿಕೆ ಗುರುತಿಸಿ ಹೇಳುತ್ತಿತ್ತು. ಅಂಥ ತಲೆಯನ್ನು ಖಾಲಿ ಪಂಜರದಲ್ಲಿ ಕೂರಿಸಿದರೆ ಅದು ತನ್ನ ಪುಕ್ಕವನ್ನೇ ಆಟಿಕೆ ಮಾಡಿಕೊಳ್ಳುತ್ತದೆ.

ಜೋಡಿ

ಗಂಡು-ಹೆಣ್ಣು ನೋಡಲು ಒಂದೇ ಥರ. ತಲೆ ಚಪ್ಪಟೆ, ಎದೆ ಅಗಲ ಎಂಬ ಲೆಕ್ಕಾಚಾರ ನಂಬಿ ಎರಡು ಹೆಣ್ಣನ್ನು ಜೋಡಿ ಮಾಡಿದವರು ಕಡಿಮೆಯಿಲ್ಲ. ಅವು ಪ್ರೀತಿಯಿಂದಲೇ ಇರುತ್ತವೆ, ಎಂಟು ತತ್ತಿಯನ್ನೂ ಇಡುತ್ತವೆ, ಒಂದೂ ಮರಿಯಾಗುವುದಿಲ್ಲ. ಎದೆಯ ನಾಲ್ಕೈದು ಪುಕ್ಕ ಹೊಸದಾಗಿ ಕಿತ್ತು, ಬುಡ ಮುಟ್ಟದೆ ಕವರಿಗೆ ಹಾಕಿ, ಡಿಎನ್‌ಎ ಪರೀಕ್ಷೆಗೆ ಕೊರಿಯರ್ ಮಾಡಿ. ಉದುರಿ ಬಿದ್ದ ಪುಕ್ಕ ಬೇಡ.

ಎರಡಕ್ಕೂ ಐದು ವರ್ಷ ತುಂಬಿರಲಿ. ಒಂದೇ ತಾಯಿಯ ಮರಿಗಳಾಗಿರಬಾರದು. ಮೊದಲು ನಾಲ್ಕಾರು ವಾರ ಅಕ್ಕಪಕ್ಕದ ಪಂಜರಗಳಲ್ಲಿಡಿ. ಸರಳಿನ ಎರಡು ಬದಿಗೆ ಮೈ ತಾಗಿಸಿ ಮಲಗುವುದು, ಒಂದರ ತಲೆಯನ್ನು ಇನ್ನೊಂದು ಹೆಕ್ಕುವುದು ಕಂಡ ಮೇಲೆ ಇಬ್ಬರಿಗೂ ಹೊಸದಾದ ಪಂಜರಕ್ಕೆ ಒಟ್ಟಿಗೆ ಬಿಡಿ. ಒಂದರ ಮನೆಗೆ ಇನ್ನೊಂದನ್ನು ಬಿಟ್ಟರೆ ಹಳಬ ಜಗಳ ತೆಗೆಯುತ್ತಾನೆ. ಒಂದು ಹಕ್ಕಿ ಕಾಳಿನ ಬಟ್ಟಲು ಕಾಯುತ್ತ ಕೂತರೆ ಎರಡು ಬಟ್ಟಲು ಇಡಿ. ಹದಿನೈದು ದಿನವಾದರೂ ಬಿಡದಿದ್ದರೆ ಆ ಸಂಬಂಧ ಕೂಡಿಬರುವುದಿಲ್ಲ. ಮನುಷ್ಯರ ಕೈಯಲ್ಲೇ ಬೆಳೆದ, ಒಡೆಯನನ್ನೇ ಜೊತೆಗಾರನೆಂದುಕೊಂಡ ಮುದ್ದಿನ ಹಕ್ಕಿಯಿಂದ ಮರಿ ನಿರೀಕ್ಷಿಸಬೇಡಿ.

ಜೋಡಿಯ ಪಂಜರ ಉದ್ದ 6 ಅಡಿ, ಅಗಲ 3, ಎತ್ತರ 4 ಇದ್ದರೆ ಒಳ್ಳೆಯದು. ನೆಲದಿಂದ ಮೂರಡಿ ಮೇಲೆ ತೂಗುಹಾಕಿ. ಕೂಡುವ ಕೋಲು ಅಲುಗಾಡಬಾರದು. ಅಲುಗುವ ಕೋಲಿನ ಮೇಲೆ ಗಂಡು ನಿಲ್ಲಲಾರದೆ ಜಾರಿದರೆ ತತ್ತಿಗಳೆಲ್ಲ ಖಾಲಿ, ಮರಿಯಾಗವು. ಇಷ್ಟು ಸಣ್ಣ ಕಾರಣಕ್ಕೆ ವರ್ಷಗಳು ವ್ಯರ್ಥವಾಗುವುದುಂಟು.

ಪೆಟ್ಟಿಗೆ, ತತ್ತಿ

18 ಮಿ.ಮೀ. ದಪ್ಪದ ಹಲಗೆಯಿಂದ ತಳ 12 ಇಂಚು ಚೌಕ, ಎತ್ತರ 24 ಇಂಚಿನ ಪೆಟ್ಟಿಗೆ. ಮೇಲ್ಭಾಗದಲ್ಲಿ 4ರಿಂದ ನಾಲ್ಕೂವರೆ ಇಂಚಿನ ತೂತು. ತೂತಿನಿಂದ ತಳದವರೆಗೆ ಒಳಗೆ ಏಣಿಯಂತೆ ಮರದ ಪಟ್ಟಿ ಹೊಡೆಯಿರಿ. ಇಲ್ಲದಿದ್ದರೆ ಹೆಣ್ಣು ಮೇಲಿಂದ ಜಿಗಿದು ತತ್ತಿ ಒಡೆಯುತ್ತದೆ. ತಳದಿಂದ 5 ಇಂಚು ಮೇಲೆ ಬದಿಗೆ ನೋಡುವ ಬಾಗಿಲು. ಹಾಸಿಗೆಗೆ ಮೂರಿಂಚು ಮರದ ಹೆರೆ. ಪ್ಲೈವುಡ್, ಪಾಲಿಶ್ ಕೆಲಸ ನಡೆಯುವ ಅಂಗಡಿಯದು ಬೇಡ, ನುಣ್ಣನೆ ಗರಗಸದ ಪುಡಿ ಅಂತೂ ಬೇಡವೇ ಬೇಡ. ಬೆಳಕಿಗೆ ಬೆನ್ನು ಮಾಡಿ, ಪಂಜರದ ಎತ್ತರದ ಮೂಲೆಗೆ ಕಟ್ಟಿ.

ಹೊತ್ತು ಯಾವುದು? ನಮ್ಮ ಊರುಗಳಿಗೆ ಒಂದು ಸುಲಭ ಪಂಚಾಂಗ ಇದೆ: ಗಣಪ್ಪ ಹೋದ ಮೇಲೆ ಪೆಟ್ಟಿಗೆ ಕಟ್ಟುವುದು, ಯುಗಾದಿಯೊಳಗೆ ಇಳಿಸುವುದು. ಹುಬ್ಬಳ್ಳಿಯ ಗಣೇಶೋತ್ಸವದ ಧ್ವನಿವರ್ಧಕಗಳ ನಡುವೆ ಯಾವ ಹಕ್ಕಿಯೂ ಮನಸ್ಸು ಮಾಡದು. ಅಷ್ಟೊತ್ತಿಗೆ ಮಳೆಯೂ ತಗ್ಗಿರುತ್ತದೆ. ನವೆಂಬರ್‌ನಲ್ಲಿ ತತ್ತಿ ಬಿದ್ದರೆ ಮರಿ ಗೂಡು ಬಿಡುವುದು ಮಾರ್ಚ್‌ಗೆ, ಬಿರುಬಿಸಿಲಿನ ಮುಂಚೆ. ಹೋಳಿಯ ಹಲಗಿ ಸದ್ದು ಅಷ್ಟರಲ್ಲಿ ಬಂದೇ ಬರುತ್ತದೆ. ಬೀದಿ ಬದಿಯ ಕೋಣೆಯಲ್ಲಿ ಗೂಡಿಟ್ಟವರು ಆ ವಾರ ಕಿಟಕಿ ಮುಚ್ಚಿ ಗೋಣಿತಾಟು ಇಳಿಬಿಡಬೇಕು. ಬೆದರಿದ ತಾಯಿ ಮರಿಗಳನ್ನು ತುಳಿಯುತ್ತದೆ, ಕೆಲವೊಮ್ಮೆ ಕಚ್ಚಿಯೂ ಹಾಕುತ್ತದೆ.

ಪೆಟ್ಟಿಗೆ ಕಟ್ಟುವ ಒಂದೂವರೆ ತಿಂಗಳ ಮುಂಚಿನಿಂದ ನುಗ್ಗೆಸೊಪ್ಪು, ತತ್ತಿ ಸಿಪ್ಪೆ, ಬಿಸಿಲು ತಪ್ಪಿಸಬೇಡಿ. ವಾರಕ್ಕೆರಡು ಸಲ ಬೇಯಿಸಿದ ತತ್ತಿ ಒಂದು ಚಮಚ ಕೊಡಿ. ತತ್ತಿಯ ಚಿಪ್ಪಿಗೆ ಬೇಕಾದ ಸುಣ್ಣವೆಲ್ಲ ಹೆಣ್ಣಿನ ಮೈಯಿಂದಲೇ ಹೋಗಬೇಕು. ಅದು ಇಲ್ಲದಾಗ ತತ್ತಿ ಒಳಗೇ ಸಿಕ್ಕಿಕೊಳ್ಳುತ್ತದೆ: ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಕಾಲಗಲಿಸಿ ಕೂತು, ಬಾಲ ಕುಣಿಸುತ್ತ ತಿಣುಕುತ್ತದೆ. 30 ಡಿಗ್ರಿಯಷ್ಟು ಬೆಚ್ಚಗಿನ, ಹಬೆಯಾಡುವ ಕಡೆಗಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ಒತ್ತಿ ತೆಗೆಯಲು ಹೋದರೆ ತತ್ತಿ ಒಳಗೇ ಒಡೆಯುತ್ತದೆ.

ಎರಡು-ಮೂರು ದಿನಕ್ಕೊಂದರಂತೆ ಮೂರ್ನಾಲ್ಕು ತತ್ತಿ. ಕಾವು ಕೂರುವುದು ಹೆಣ್ಣು, ಗಂಡು ಹೊರಗಿಂದ ಉಣಿಸುತ್ತದೆ. ತಾಯಿ ತಿನ್ನಲು ಹೊರಬಂದಾಗ, ಎಂಟನೇ ದಿನ, ಮೊಬೈಲ್ ಬೆಳಕಿಗೆ ತತ್ತಿ ಹಿಡಿದರೆ ಕೆಂಪು ನರಗಳ ಬಲೆ ಕಾಣಬೇಕು. ಖಾಲಿ ಎಂದು ತಿಳಿದರೂ ತಕ್ಷಣ ತೆಗೆಯಬೇಡಿ, ತಾಯಿ ಮತ್ತೆ ಮತ್ತೆ ಇಟ್ಟು ಬರಿದಾಗುತ್ತದೆ. 28ರಿಂದ 30 ದಿನಕ್ಕೆ 12-14 ಗ್ರಾಂನ ಕುರುಡು ಮರಿ ಹೊರಬರುತ್ತದೆ. ಇನ್‌ಕ್ಯುಬೇಟರ್ ಬಳಸುವ ಆಸೆಯಿದ್ದರೆ ಮೊದಲು ಇನ್ವರ್ಟರ್ ನೋಡಿ. ಒಮ್ಮೆ ಕರೆಂಟ್ ಹೋಗಿ ಮೂರು ತಾಸು ಬರದಿದ್ದರೆ ಮಷಿನ್ ಬರೀ ಡಬ್ಬಿ. ಮೊದಲ ಸಲದವರು ತಾಯಿಗೇ ಬಿಡುವುದು ಕ್ಷೇಮ. ವರ್ಷಕ್ಕೆ ಒಂದೇ ಕಾವು ಸಾಕು.

ಮರಿ

ದಿನಾ ಒಮ್ಮೆ ಮರಿಯ ಕತ್ತಿನ ಚೀಲ ನೋಡಿ, ತುಂಬಿರಬೇಕು. 14ರಿಂದ 21 ದಿನದ ನಡುವೆ 11-12 ಮಿ.ಮೀ. ಒಳವ್ಯಾಸದ ಮುಚ್ಚಿದ ರಿಂಗ್ ತೊಡಿಸಿ. ಮುಂದಿನ ಎರಡು ಬೆರಳು, ಹಿಂದಿನ ಉದ್ದ ಬೆರಳು ಮೂರನ್ನೂ ಜೋಡಿಸಿ ವ್ಯಾಸಲಿನ್ ಸವರಿ ತೂರಿಸಿ, ರಿಂಗನ್ನು ಕಾಲಿನತ್ತ ಸರಿಸಿ, ಒಳಗೆ ಸಿಕ್ಕ ಗಿಡ್ಡ ಬೆರಳನ್ನು ಬೆಂಕಿಕಡ್ಡಿಯ ಮೊಂಡು ತುದಿಯಿಂದ ಎಳೆದು ಬಿಡಿಸಬೇಕು. ಒಂದು ವಾರ ತಡವಾದರೂ ಹತ್ತುವುದಿಲ್ಲ. ಕಾಲುಗಳು ಎರಡೂ ಬದಿಗೆ ಚಾಚಿಕೊಂಡರೆ ಹಾಸಿಗೆ ತೆಳ್ಳಗಾಗಿದೆ, ಅಥವಾ ಕ್ಯಾಲ್ಸಿಯಂ ಸಾಲದೆ ಎಲುಬು ಬಾಗುತ್ತಿದೆ. ಎಳೆಯದಿದ್ದಾಗ ವೈದ್ಯರು ಕಟ್ಟು ಹಾಕಿ ಸರಿಮಾಡಬಲ್ಲರು, ತಿಂಗಳು ಕಳೆದರೆ ಆಗದು.

ತಾಯಿ ಉಣಿಸುವುದನ್ನು ನಿಲ್ಲಿಸಿದರೆ ಮಾತ್ರ ಕೈತುತ್ತು. ಗಿಣಿಮರಿಗಳ ಪುಡಿಯನ್ನು ಬಿಸಿನೀರಲ್ಲಿ ಕಲಸಿ, ಥರ್ಮಾಮೀಟರ್ ಇಟ್ಟು 39ರಿಂದ 41 ಡಿಗ್ರಿ ಇದ್ದಾಗ ಕೊಡಿ. ಬೆರಳಿಟ್ಟು ನೋಡುವ ಅಂದಾಜು ನಡೆಯದು. 43 ದಾಟಿದರೆ ಕತ್ತಿನ ಚೀಲ ಸುಟ್ಟು, ನಾಲ್ಕೈದು ದಿನಕ್ಕೆ ತೂತಾಗಿ ಉಂಡದ್ದೆಲ್ಲ ಎದೆಯ ಮೇಲೆ ಸುರಿಯುತ್ತದೆ. ತಣ್ಣಗಾದರೆ ಚೀಲದಲ್ಲೇ ಹುಳಿಯುತ್ತದೆ. ಮೈಕ್ರೋವೇವ್‌ನಲ್ಲಿ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಕೆಂಡ, ಅದು ಬೇಡ. ಒಂದು ಹೊತ್ತಿಗೆ ತೂಕದ ನೂರಕ್ಕೆ ಹತ್ತು: 200 ಗ್ರಾಂ ಮರಿಗೆ 20 ಮಿ.ಲೀ. ಮೂರು ವಾರದ ಮರಿಗೆ ನಾಲ್ಕು-ಐದು ತಾಸಿಗೊಮ್ಮೆ. ಬೆಳಗಿನ ಮೊದಲ ತುತ್ತಿಗೆ ಮುಂಚೆ ಚೀಲ ಪೂರ್ತಿ ಖಾಲಿಯಾಗಿರಲೇಬೇಕು. ಆಗಿರದಿದ್ದರೆ ಮೇಲೆ ಮತ್ತೆ ತುಂಬದೆ ವೈದ್ಯರಿಗೆ ಫೋನ್ ಮಾಡಿ. ಮರಿಯ ಡಬ್ಬಿ ಎರಡನೇ ವಾರ 33-34 ಡಿಗ್ರಿ, ಮೂರು-ನಾಲ್ಕನೇ ವಾರ 30-32, ಪುಕ್ಕ ತುಂಬಿದ ಮೇಲೆ 27-28 ಇರಲಿ.

ಹಾರುವ ಮುಂಚೆ ಮರಿಯ ತೂಕ ತುಸು ಇಳಿಯುತ್ತದೆ, ಗಾಬರಿ ಬೇಡ. ಹಾರಲು ಕಲಿಯುವ ಮುಂಚೆ ರೆಕ್ಕೆ ಕತ್ತರಿಸಬೇಡಿ. ಮೈಭಾರದ ಹಕ್ಕಿ ಗಚ್ಚಿನ ಮೇಲೆ ಬಿದ್ದು ಎದೆಮೂಳೆ ಒಡೆದುಕೊಳ್ಳುತ್ತದೆ. 12ರಿಂದ 16 ವಾರದ ನಡುವೆ ಮರಿ ತಾನಾಗಿ ತಿನ್ನಲು ಕಲಿಯುತ್ತದೆ. ಹಗಲಿನ ತುತ್ತು ಮೊದಲು ಬಿಡುತ್ತದೆ, ರಾತ್ರಿಯದು ಕೊನೆಗೆ. ರಾತ್ರಿ ತುತ್ತು ಕೇಳುತ್ತಿರುವ ಮರಿಯನ್ನು ಮಾರುವುದು, "ದಿನಾ ಎರಡ್ ಸಲ ಸಿರಿಂಜ್‌ಲೆ ಹಾಕ್ರಿ ಸಾಕು" ಎಂದು ಹೊಸಬರ ಕೈಗಿಡುವುದು ಸರಿಯಲ್ಲ.

ಕೊಡುವ ದಿನ ನೋಂದಣಿ ಮತ್ತು ವರ್ಗಾವಣೆಯ ಕಾಗದ, ರಿಂಗ್ ನಂಬರ್, ಡಿಎನ್‌ಎ ವರದಿ, ಹುಟ್ಟಿದಾಗಿನಿಂದ ಬರೆದ ತೂಕದ ಹಾಳೆ ಜತೆಗಿರಲಿ. ಅದು ತಿಂದು ರೂಢಿಯಾದ ಬುತ್ತಿಯನ್ನೇ ಹದಿನೈದು ದಿನಕ್ಕಾಗುವಷ್ಟು ಕಟ್ಟಿಕೊಡಿ. ಮೊದಲ ವಾರ ದಿನಾ ಬೆಳಗಿನ ತೂಕವನ್ನು ಫೋನಿನಲ್ಲಿ ಕೇಳಿ. ಮೂರು ದಿನ ಸತತ ಇಳಿದರೆ ಮರಿಯನ್ನು ವಾಪಸ್ ತರಿಸಿಕೊಳ್ಳಿ.